ಸೋಮವಾರದ ಕೋಳಿ

ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಸಂಪಗಾಂವದ ನಮ್ಮ ಓಣಿಯಲ್ಲಿ ಯಾರೂ ಇಡುವುದಿಲ್ಲ. ಟ್ರ್ಯಾಕ್ಟರು ಬಂದು ಕೊಟ್ಟಿಗೆಯಲ್ಲಿ ಒಂದೇ ಜೋಡಿ ಉಳಿದ ಮೇಲೂ ಆ ಜೋಡಿಗೆ ಸೋಮವಾರ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಸುಮ್ಮನೆ ಮೇಯಲು ಬಿಡುತ್ತೇವೆ. ನನಗೆ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಅವ್ವ ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ದನದ ಡಾಕ್ಟರಾದರೆ ಅವಳ ಅಡ್ಡಿ ಇರಲಿಲ್ಲ. ಆದರೆ ಅಲ್ಲಿ ಸತ್ತ ಕೋಳಿ, ಕುರಿ ಕೊಯ್ದು ನೋಡಬೇಕಂತೆ ಎಂದು ಯಾರೋ ಪುಣ್ಯಾತ್ಮರು ಅವಳ ಕಿವಿಗೆ ಹಾಕಿದ್ದರು. ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆ ನಮ್ಮದು. ಕೊನೆಗೆ ಒಂದು ಕರಾರು ಹಾಕಿ ಒಪ್ಪಿದಳು.

"ಎತ್ತಿಗಿ ವಾರಕ್ಕೊಂದಿನ ನೊಗ ಇಲ್ಲ. ನಿನಗೂ ಒಂದಿನ ಚಾಕು ಬ್ಯಾಡ. ಸೋಮವಾರ ಸತ್ತದ್ದನ್ನ ಕೊಯ್ಯಬ್ಯಾಡ, ಅಷ್ಟ."

ಒಪ್ಪಿದೆ. ಹದಿನೆಂಟರ ವಯಸ್ಸಿನಲ್ಲಿ ಸೀಟು ಉಳಿಯುತ್ತದೆಂದರೆ ವಾರದಲ್ಲಿ ಇನ್ನೂ ಎರಡು ದಿನ ಬಿಟ್ಟುಕೊಡೆಂದರೂ ಒಪ್ಪುತ್ತಿದ್ದೆ. ಮುಂದೆ ನೌಕರಿ ಸಿಕ್ಕಿದ್ದು ಸಿರಸಂಗಿಯ ಹತ್ತಿರದ ಒಂದು ಹಳ್ಳಿಯ ಪಶು ದವಾಖಾನೆಯಲ್ಲಿ. ಬೆಳಿಗ್ಗೆ ಬೈಕು ಹತ್ತಿದರೆ ಸಂಜೆಗೆ ಮನೆ. ದವಾಖಾನೆಯಲ್ಲಿ ನಾನು, ನನಗೆ ತಂದೆಯಾಗುವಷ್ಟು ವಯಸ್ಸಿನ ಒಬ್ಬ ಸಿಪಾಯಿ, ಬಾಗಿಲು ಸರಿಯಾಗಿ ಹಾಕಿಕೊಳ್ಳದ ಒಂದು ಫ್ರಿಜ್ಜು. ಅವ್ವನ ಕರಾರನ್ನು ಎಂಟು ವರ್ಷ ಮುರಿದಿಲ್ಲ ಎಂದೇ ನಾನು ತಿಳಿದಿದ್ದೆ. ಅದರ ಬಗ್ಗೆ ಒಳಗೊಳಗೆ ಹೆಮ್ಮೆಯೂ ಇತ್ತು. ಈಗ ಅದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ.

ಅದು ಏಪ್ರಿಲ್ ತಿಂಗಳ ಒಂದು ಸೋಮವಾರ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಒಬ್ಬ ಹೆಣ್ಣುಮಗಳು ಹಳೆಯ ಸೀರೆಯ ತುಂಡಿನಲ್ಲಿ ಒಂದು ಸತ್ತ ಕೋಳಿ ಸುತ್ತಿಕೊಂಡು ಬಂದರು. ಐವತ್ತರ ಆಸುಪಾಸಿನವರು. ಊರ ಹೊರಗೆ ಹೊಲದಲ್ಲೇ ತಗಡಿನ ಮನೆ ಹಾಕಿಕೊಂಡಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಎರಡು ಎಕರೆ ಎರೆಭೂಮಿ, ಒಂದು ಆಡು, ಒಂದಿಷ್ಟು ಜವಾರಿ ಕೋಳಿ. ಆಡಿನ ಸಲುವಾಗಿ ಮೊದಲೂ ಒಂದೆರಡು ಸಲ ಬಂದಿದ್ದರಿಂದ ಗುರುತಿತ್ತು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ.

"ನಿನ್ನೆ ಎರಡು ಹೋದುವ್ರಿ ಸಾಹೇಬ್ರ. ಇವತ್ತು ಇದು. ಬಾಯಿ ತಕ್ಕೊಂಡು ತೇಕಾಕತ್ತಿದ್ವು. ಒಮ್ಮೆಲೆ ಬಿದ್ದು ಸತ್ತುವ್ರಿ."

ಕೋಳಿಯನ್ನು ಹೊರಗಿನ ಕಟ್ಟೆಯ ಮೇಲೆ ಇರಿಸಿಕೊಂಡು ನೋಡಿದೆ. ಕೊಕ್ಕು ತೆರೆದಿತ್ತು, ರೆಕ್ಕೆ ಅಗಲಿಸಿತ್ತು. ಬಿಸಿಲಿಗೆ ಸತ್ತ ಕೋಳಿ ಹೀಗೇ ಇರುತ್ತದೆ. ಅವತ್ತು ಬಿಸಿಲೂ ಹಾಗೇ ಇತ್ತು. ಬೈಕಿನ ಸೀಟು ಮುಟ್ಟುವಂತಿರಲಿಲ್ಲ. ತಗಡಿನ ಮನೆ, ಸುತ್ತ ಒಂದು ಗಿಡವಿಲ್ಲದ ಎರೆಹೊಲ. ಇದಕ್ಕಿಂತ ಹೆಚ್ಚಿಗೆ ಏನು ಬೇಕು ಎಂದುಕೊಂಡೆ.

ಬಾಲದ ಕೆಳಗಿನ ಪುಕ್ಕಕ್ಕೆ ಹಸಿರು ಹಿಕ್ಕೆ ಮೆತ್ತಿ ಒಣಗಿತ್ತು. ಅದನ್ನು ನೋಡಿದೆ. ನೋಡಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ನೋಡಿದೆ. ಏನೋ ಹಸಿರು ತಿಂದಿರಬೇಕು ಎಂದು ಮನಸ್ಸು ಥಟ್ಟನೆ ಒಂದು ಉತ್ತರ ಕೊಟ್ಟಿತು. ಏಪ್ರಿಲಿನಲ್ಲಿ ಆ ಹೊಲದಲ್ಲಿ ಹಸಿರು ಎಲ್ಲಿತ್ತು ಎಂದು ನಾನು ಅದನ್ನು ಮರಳಿ ಕೇಳಲಿಲ್ಲ. ಇತ್ತೀಚೆಗೆ ಹೊಸ ಕೋಳಿ ಏನಾದರೂ ತಂದಿದ್ದೀರೇನು ಎಂದೂ ಕೇಳಲಿಲ್ಲ. ಕಾಲೇಜಿನಲ್ಲಿ ನಮಗೆ ಕಲಿಸಿದ ಮೊದಲನೆಯ ಪ್ರಶ್ನೆ ಅದು. ಕೋಳಿಯ ಹೊಟ್ಟೆ ಸೀಳಿ ಒಳಗೆ ನೋಡಲು ಹತ್ತು ನಿಮಿಷ ಸಾಕು. ಆದರೆ ಸೋಮವಾರ. ಸಂಜೆ ಮನೆಗೆ ಹೋದ ಕೂಡಲೇ ಅವ್ವ ಕೇಳುವುದಿಲ್ಲ, ಕೈ ಮೂಸಿ ನೋಡುವುದಿಲ್ಲ. ಆದರೂ ನನಗೆ ಗೊತ್ತಿರುತ್ತದಲ್ಲ.

"ಬಿಸಲಿನ ಹೊಡ್ತ ಅಕ್ಕಾರ. ಕೊಯ್ದು ನೋಡೂದೇನೂ ಬ್ಯಾಡ. ನೀರಿನ ತಾಟು ಎರಡ ಇಡ್ರಿ. ಎಲ್ಲಿರೆ ನೆಳ್ಳ ಇದ್ದಲ್ಲಿ ಒಯ್ದು ಬಿಡ್ರಿ, ಉಳಕೋತಾವ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಏನೋ ಕೇಳುವವರಂತೆ ಬಾಯಿ ತೆರೆದರು. ಆಮೇಲೆ, "ಹಂಗಾರ ನೆಳ್ಳಿಗೆ ಒಯ್ತೇನ್ರಿ" ಎಂದು ಕೋಳಿಯನ್ನು ಅದೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹೋದರು. ನಾನು ಕೈ ತೊಳೆದುಕೊಂಡು ಬುತ್ತಿ ಬಿಚ್ಚಿದೆ.

ಅವರಿಗೆ ಗೊತ್ತಿದ್ದ ನೆರಳು ಮನೋಳಿಯಲ್ಲಿತ್ತು. ಅಲ್ಲಿ ಅವರ ತಂಗಿಯ ಮನೆ. ಮಲಪ್ರಭೆಯ ದಂಡೆಗೆ ಹತ್ತಿರದ ಓಣಿ, ಹಿತ್ತಲಿನಲ್ಲಿ ದೊಡ್ಡ ಹುಣಸೆಮರ. ತಂಗಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿಗೆ ಜವಾರಿ ಕೋಳಿಯ ಸಾರು ಬೇಕೆಂದು ಅಕ್ಕ ತಂಗಿ ಇಬ್ಬರೂ ನಾಲ್ಕೈದು ತಿಂಗಳಿಂದ ಕೋಳಿ ಕೂಡಿಸುತ್ತಿದ್ದರು. ಹೇಗೂ ಅಲ್ಲಿಗೇ ಹೋಗಬೇಕಾದವು ಎಂದು ಅಕ್ಕ ಉಳಿದ ಏಳು ಹೇಟೆ, ಒಂದು ಹುಂಜ ಎಲ್ಲವನ್ನೂ ಹೆಡಗೆಗೆ ತುಂಬಿ ಮರುದಿನದ ಮೊದಲ ಬಸ್ಸಿಗೆ ಒಯ್ದರು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಕೋಳಿಗೆ ಮಾತ್ರ ಕಂಡಕ್ಟರು ಟಿಕೀಟು ಹರಿದನಂತೆ. ಇದನ್ನೆಲ್ಲ ನನಗೆ ಹೇಳಿದವರು ತಂಗಿ, ಹತ್ತು ದಿನದ ಮೇಲೆ, ಸಿಟ್ಟಿನಲ್ಲಿ.

ಆ ದಿನಗಳಲ್ಲಿ ಮನೋಳಿಯ ಪಶುವೈದ್ಯರು ರಜೆಯ ಮೇಲಿದ್ದುದರಿಂದ ಅಲ್ಲಿಯ ಕೆಲಸವೂ ನನಗೇ ಬಂದಿತ್ತು. ಒಂದು ಓಣಿಯಲ್ಲಿ ಕೋಳಿಗಳು ಸಾಲಾಗಿ ಸಾಯುತ್ತಿವೆ ಎಂದು ಮರುವಾರ ಗುರುವಾರ ಬೆಳಿಗ್ಗೆ ಫೋನು ಬಂತು. ಹೋದೆ. ಓಣಿಯ ಬಾಯಲ್ಲೇ ಒಂದು ಪಟ್ಟೆ ಹೇಟೆ ಕತ್ತು ಹಿಂದಕ್ಕೆ ತಿರುಚಿಕೊಂಡು ಆಕಾಶ ನೋಡುತ್ತ ಸುತ್ತು ಹಾಕುತ್ತಿತ್ತು. ಅದನ್ನು ನೋಡಿದ ಮೇಲೆ ಕೊಯ್ಯುವ ಅಗತ್ಯವೂ ಇರಲಿಲ್ಲ. ಆದರೂ ಹುಣಸೆಮರದ ಕೆಳಗೆ ಗೋಣಿಚೀಲ ಹಾಸಿ, ಆಗಷ್ಟೇ ಸತ್ತ ಒಂದು ಕೋಳಿಯ ಹೊಟ್ಟೆ ಸೀಳಿದೆ. ಕಾಳು ಅರೆಯುವ ಗಟ್ಟಿ ಚೀಲಕ್ಕೂ ಮುಂಚೆ ಒಂದು ಸಣ್ಣ ಮೆತ್ತನೆಯ ಜಠರ ಇರುತ್ತದೆ. ಅದನ್ನು ಬಿಡಿಸಿ ನೀರಲ್ಲಿ ತೊಳೆದು ಹಿಡಿದರೆ, ಒಳಗೋಡೆಯ ತುಂಬ ಕುಂಕುಮ ಚಿಮುಕಿಸಿದ ಹಾಗೆ ಕೆಂಪು ಚುಕ್ಕೆ. ಕೊಕ್ಕರೆ ರೋಗ. ರಾಣಿಖೇತ್ ಎಂದೂ ಕರೆಯುತ್ತಾರೆ. ರೋಗ ಬಂದ ಕೋಳಿಗೆ ಔಷಧವಿಲ್ಲ. ಬಾರದ ಕೋಳಿಗೆ ಲಸಿಕೆಯಿದೆ, ಅಷ್ಟೇ. ಒಂದು ಕೋಳಿಯಿಂದ ಇನ್ನೊಂದಕ್ಕೆ ಉಸಿರಿನಿಂದ, ಹಿಕ್ಕೆಯಿಂದ, ಒಂದೇ ತಾಟಿನ ನೀರಿನಿಂದ ಹಬ್ಬುತ್ತದೆ. ನೀರಿನ ತಾಟು ಎರಡು ಇಡಿ ಎಂದು ನಾನೇ ಹೇಳಿದ್ದೆ.

ಆಗಿನ್ನೂ ಅದು ಯಾರ ಮನೆ ಎಂದು ನನಗೆ ಗೊತ್ತಿರಲಿಲ್ಲ. ಮನೆಯ ಯಜಮಾನಿ ಬಾಗಿಲಲ್ಲಿ ನಿಂತಿದ್ದರು, ಹಿಂದೆ ಬಸುರಿ ಮಗಳು. ಎಲ್ಲಿಂದಾದರೂ ಹೊಸ ಕೋಳಿ ತಂದಿದ್ದಿರೇನು ಎಂದು ಕೇಳಿದೆ. ಈ ಸಲ ಕೇಳಿದೆ.

"ನಾ ಎಲ್ಲಿ ತಂದೇನ್ರಿ! ನಮ್ಮಕ್ಕ ತಂದು ಬಿಟ್ಟಳು" ಎಂದು ಆ ಹೆಣ್ಣುಮಗಳು ಹೆಡಗೆ, ಬಸ್ಸು, ಟಿಕೀಟು ಎಲ್ಲ ಹೇಳಿದರು. ಊರಿನ ಹೆಸರು ಹೇಳಿದರು. ಹೊಲದಾಗಿನ ತಗಡಿನ ಮನಿ ಅಂದರು. ನನ್ನ ಕೈಯಲ್ಲಿ ಆ ಜಠರ ಇನ್ನೂ ಇತ್ತು.

ಓಣಿಯ ಐದಾರು ಮನೆಯವರು ಸುತ್ತ ನೆರೆದಿದ್ದರು. ಎಲ್ಲರ ಮನೆಯಲ್ಲೂ ಸತ್ತಿದ್ದವು. ಅವರ ಮುಂದೆಯೇ ಆಕೆ ಕೇಳಿದರು.

"ಅಕಿ ಮನಿಯಾಗ ಮೊದಲ ಮೂರು ಸತ್ತಿದ್ದುವಂತ. ಗೊತ್ತಿದ್ದು ತಂದು ನನ್ನ ಹಿತ್ತಲದಾಗ ಬಿಟ್ಟಳ್ರಿ. ಸಾಹೇಬ್ರ, ನೀವ ಹೇಳ್ರಿ. ಇದು ಅಕಿ ತಂದ ಕೋಳಿಂದನ ಬಂತಲ್ಲ?"

"ಹೌದ್ರಿ" ಅಂದೆ.

ಅದು ಸರಿಯಾದ ಉತ್ತರ. ಪರೀಕ್ಷೆಯಲ್ಲಾದರೆ ಪೂರಾ ಅಂಕ ಸಿಗುತ್ತಿತ್ತು. ಅದರ ಹಿಂದೆ ಇನ್ನೊಂದು ವಾಕ್ಯ ಹೇಳಬೇಕಿತ್ತು, 'ಕಳಿಸಿದವನು ನಾನು' ಅಂತ. ಹೇಳಲಿಲ್ಲ. ಇಷ್ಟು ಜನರ ಮುಂದೆ ಈ ಮಾತು ಬಿಚ್ಚಿದರೆ ಊರಲ್ಲಿ ಯಾರು ನನ್ನ ಕೈಯಿಂದ ಲಸಿಕೆ ಹಾಕಿಸಿಕೊಂಡಾರು, ರೋಗ ಊರೆಲ್ಲ ಹಬ್ಬೀತು, ಮೊದಲು ಕೆಲಸ ಮುಗಿಯಲಿ ಎಂದು ನನಗೆ ನಾನೇ ಒಂದು ಭಾಷಣ ಕೊಟ್ಟುಕೊಂಡೆ. ಗುಂಡಿ ತೋಡಿಸಿದೆ, ಸುಣ್ಣ ಹಾಕಿಸಿದೆ, ಐಸ್ ಡಬ್ಬಿ ತರಿಸಿ ಉಳಿದ ಓಣಿಗಳ ಕೋಳಿಗೆ ಮೂರು ದಿನ ಲಸಿಕೆ ಹಾಕಿದೆ. ಬೆಳಗಾವಿಗೆ ಮಾದರಿ ಕಳಿಸಿದೆ. ಎಲ್ಲರೂ ಸಾಹೇಬರು ಬಹಳ ಓಡಾಡಿದರು ಎಂದರು. ಒಬ್ಬರು ಚಹಾ ಕೊಟ್ಟರು, ಕುಡಿದೆ.

ಆ ಗುರುವಾರ ಸಂಜೆ ಊಟಕ್ಕೆ ಕೂತಾಗ ಅವ್ವನ ಮುಂದೆ ಹೇಳಿದೆ. ಅವಳ ಕರಾರಿನಿಂದಲೇ ಹೀಗಾಯಿತು ಎನ್ನುವ ಧಾಟಿಯಲ್ಲೇ ಹೇಳಿದೆ ಎಂದು ಕಾಣುತ್ತದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹ್ವಾದ ವರ್ಷ ನಡುಮನಿಯವರ ಆಕಳ ಹೊಟ್ಟಿಗೆ ಕೋಡ ಹೊಕ್ಕಾಗ ಹೊಲಿಗಿ ಹಾಕಿದ್ದು ಯಾವ ವಾರ?"

ಸೋಮವಾರ. ಅದಕ್ಕೆ ಬ್ಲೇಡು ಹಿಡಿದಿದ್ದೆ, ಕೊಯ್ದಿದ್ದೆ, ಮೊಣಕೈ ತನಕ ರಕ್ತ ಮಾಡಿಕೊಂಡು ಬಂದಿದ್ದೆ. ಅದು ಬದುಕಿದ ಆಕಳು, ಇದು ಸತ್ತ ಕೋಳಿ ಎಂದು ವಾದ ಮಾಡಬಹುದಿತ್ತು. ಆದರೆ ಅದೇ ವರ್ಷ ಮತ್ತೊಂದು ಸೋಮವಾರ ಒಬ್ಬ ದೊಡ್ಡ ರೈತರ ಎಮ್ಮೆ ಸತ್ತಾಗ ವಿಮೆಗೆಂದು ಅದನ್ನೂ ಕೊಯ್ದು ನೋಡಿ ಬರೆದುಕೊಟ್ಟಿದ್ದೆ. ಆಗ ಅವ್ವನ ನೆನಪೇ ಆಗಿರಲಿಲ್ಲ. ಆ ನೇಮ ಕೋಳಿಗೆ ಮಾತ್ರ ಇತ್ತು. ಕೋಳಿ ಸಾಕುವವರಿಗೆ ಮಾತ್ರ ಇತ್ತು. ಎಂಟು ವರ್ಷ ನಾನು ಅದನ್ನು ಭಕ್ತಿ ಎಂದು ತಿಳಿದಿದ್ದೆ. ಅವ್ವ ತಾಟಿಗೆ ರೊಟ್ಟಿ ಹಾಕಿದಳು.

ಅಕ್ಕನ ಮನೆಗೆ ಹೋದದ್ದು ಬೆಳಗಾವಿಯ ವರದಿ ಬಂದ ಮೇಲೆ. ವರದಿ ಬರಲಿ ಎಂದು ಕಾದೆ ಎನ್ನುವುದೂ ಒಂದು ನೆಪ. ರೋಗ ಯಾವುದೆಂದು ನನಗೆ ಹುಣಸೆಮರದ ಕೆಳಗೇ ಗೊತ್ತಾಗಿತ್ತು. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಅಂಗಳದಲ್ಲಿ ಕೋಳಿ ಇರಲಿಲ್ಲ. ಅವರು ಹೊರಸು ಹಾಕಿ ಕೂರಿಸಿದರು, ನೀರು ಕೊಟ್ಟರು. ಗೋಡೆಯ ಮೊಳೆಗೆ ಒಂದು ಕುಂಚಿಗೆ ತೂಗುಹಾಕಿತ್ತು, ಎಳೆ ಕೂಸಿನ ತಲೆಗೂ ಬೆನ್ನಿಗೂ ಆಗುವಂಥದ್ದು, ಹಸಿರು ಖಣದ್ದು, ಅಂಚಿಗೆ ಕೈಯಿಂದ ಹೊಲಿದ ಕೆಂಪು ದಾರ.

"ಅಕ್ಕಾರ, ಅವತ್ತ ನಾ ತಪ್ಪ ಹೇಳಿದೆ. ಅದು ಬಿಸಲಲ್ಲ, ರೋಗ. ಒಯ್ಯಬಾರದಿತ್ತು ಅವನ್ನ."

"ಗೊತ್ತಾತ್ರಿ" ಅಂದರು. "ಅದರ ಹಿಂದಿನ ವಾರ ಸಂತ್ಯಾಗ ಒಂದು ಹುಂಜ ತಂದಿದ್ದೆ. ಅದ ತಂದಿರಬೇಕು."

"ತಂಗ್ಯಾರಿಗೆ ಹೇಳಿದ್ರೇನು, ನಾನ ಕಳಿಸಿದೆ ಅಂತ?"

ಅವರು ತಲೆ ಅಲ್ಲಾಡಿಸಿದರು. "ಇಲ್ರಿ. ನೀವು ಅಲ್ಲೆ ಲಸಿಕಿ ಹಾಕಾಕತ್ತಿದ್ರಿ. ಇಂವಾ ತಪ್ಪ ಹೇಳ್ಯಾನಂತ ಗೊತ್ತಾದ್ರ ಯಾರ್ ಹಾಕಿಸ್ಕೋತಿದ್ರು? ಆ ಓಣ್ಯಾಗ ಬಡೂರ ಅದಾರ್ರಿ. ಅಕಿ ಬಯ್ಯೂದೇನು, ನಮ್ಮ ತಂಗಿನ. ಇವತ್ತ ಬೈತಾಳ, ನಾಳೆ ಕರೀತಾಳ."

ನಾನು ನನ್ನ ಮಾನ ಉಳಿಸಿಕೊಳ್ಳಲು ಕಟ್ಟಿಕೊಂಡ ನೆಪವನ್ನೇ ಅವರು ತಮ್ಮ ಮೈಮೇಲೆ ಹಾಕಿಕೊಂಡು, ನಿಜ ಮಾಡಿ ಕೂತಿದ್ದರು. ನಾನು ಹೋಗಿ ಹೇಳುತ್ತೇನೆ ಎಂದೆ. ಈಗ ಬ್ಯಾಡ, ಮಳೆಗಾಲದ ಲಸಿಕೆ ಒಂದು ಸುತ್ತು ಮುಗಿಯಲಿ ಎಂದರು. ನಾನು ಎಷ್ಟು ಬೇಗ ಒಪ್ಪಿದೆ ಎಂದರೆ ನನಗೇ ನಾಚಿಕೆಯಾಗಬೇಕಿತ್ತು. ಬೈಕು ಹತ್ತುವಾಗ ನಾಚಿಕೆಗಿಂತ ನಿರಾಳವೇ ಹೆಚ್ಚಿತ್ತು, ಅದನ್ನೂ ಇಲ್ಲಿ ಬರೆದಿಡಬೇಕು. ಇನ್ನೊಂದು: ಯಾಕೆ ಕೊಯ್ದು ನೋಡಲಿಲ್ಲ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಿಸಿಲು ಜೋರಿತ್ತು, ಮೋಸ ಹೋದೆ ಎನ್ನುವಷ್ಟಕ್ಕೇ ಬಿಟ್ಟೆ.

ಜೂನಿನಲ್ಲಿ ಕೂಸು ಹುಟ್ಟಿತು. ಗಂಡು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಮನೋಳಿಯವರು ಊರೆಲ್ಲ ಕರೆದರು, ಅಕ್ಕನನ್ನು ಕರೆಯಲಿಲ್ಲ. ನನಗೆ ಹೇಳಿದ್ದು ಸಿಪಾಯಿ. ಅವರು ಹಸಿರು ಕುಂಚಿಗೆ ಚೀಲದಲ್ಲಿ ಇಟ್ಟುಕೊಂಡು ಬಸ್ಸಿನ ನಿಲ್ದಾಣದ ತನಕ ಬಂದು, ಎರಡು ಬಸ್ಸು ಬಿಟ್ಟು, ಮನೆಗೆ ತಿರುಗಿ ಹೋದರಂತೆ. ಈ ವಾರ ಹೋಗುತ್ತೇನೆ ಎಂದುಕೊಂಡೆ. ಕಾಲುಬಾಯಿ ಲಸಿಕೆ ಬಂತು, ದನಗಣತಿ ಬಂತು. ಮನೋಳಿಯ ಪಶುವೈದ್ಯರು ರಜೆ ಮುಗಿಸಿ ಯಾವಾಗಲೋ ಬಂದಿದ್ದರು, ಆ ಕಡೆ ನನಗೆ ಕೆಲಸವಿರಲಿಲ್ಲ. ಮನೆಗೆ ಹೋಗುವ ದಾರಿ ಮಾತ್ರ ಅದೇ. ದಿನಕ್ಕೆರಡು ಸಲ ಮನೋಳಿಯ ಮೇಲೇ ಹೋಗುತ್ತಿದ್ದೆ, ಆ ಓಣಿಯ ತಿರುವು ಬಂದಾಗ ಬೈಕು ಸ್ವಲ್ಪ ಜೋರು ಮಾಡುತ್ತಿದ್ದೆ.

ಸೋಮವಾರದ ನೇಮ ಬಿಟ್ಟಿದ್ದೇನೆ ಎಂದು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ. ಆದರೆ ವರ್ಷವಿಡೀ ಒಂದು ಸೋಮವಾರವೂ ಸತ್ತ ಕೋಳಿ ದವಾಖಾನೆಗೆ ಬರಲಿಲ್ಲ. ಯಾಕೆ ಎಂದು ನಾನು ಯೋಚಿಸಿರಲಿಲ್ಲ.

ಮರುವರ್ಷ ಮತ್ತೆ ಏಪ್ರಿಲ್. ಮತ್ತೆ ಅದೇ ಸುಡುವ ಮಧ್ಯಾಹ್ನ. ಅಕ್ಕ ಬಂದು ಹೊರಗೆ ಬೇವಿನ ಗಿಡದ ಕೆಳಗೆ ನಿಂತರು, ಒಳಗೆ ಬರಲಿಲ್ಲ. ಕೈಯಲ್ಲಿ ಬಟ್ಟೆಯ ಗಂಟು. ನಾನೇ ಹೊರಗೆ ಹೋದೆ.

"ಕೋಳಿ ಸತ್ತೈತ್ರಿ. ಇವತ್ತ ಸೋಮವಾರ ಅಂತ ಗೊತ್ತೈತಿ, ಆದ್ರ ಹ್ವಾದ ಸಲದ ಹೆದರಿಕಿ. ನಾಳೆ ತರಲೇನ್ರಿ?"

ಸೋಮವಾರದ ವಿಷಯ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ಎಲ್ಲಾರಿಗೂ ಗೊತ್ತೈತಲ್ರಿ. ಸಾಹೇಬ್ರದ ಸೋಮವಾರ ನೇಮ ಐತಿ, ಸತ್ತ ಕೋಳಿ ತರಬ್ಯಾಡ್ರಿ ಅಂತ ನಿಮ್ಮ ಸಿಪಾಯಿ ಕಾಕಾ ಮೊದಲಿಂದ ಹೇಳ್ತಾನ."

"ಅಂದ್ರ ಹ್ವಾದ ವರ್ಷ..."

"ಆಗೂ ಗೊತ್ತಿತ್ತ್ರಿ. ಒಂದರ ಹಿಂದ ಒಂದ ಸತ್ತುವಂತ ತಡೀಲಾರದ ತಂದಿದ್ದೆ." ಅವರು ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಹಿಂದ ಹಸರ ಹತ್ತಿತ್ತು ನೋಡ್ರಿ, ಒಮ್ಮೆ ಕೊಯ್ದು ನೋಡ್ರಿ ಅನ್ನಾಕ ಬಾಯಿಗಿ ಬಂದಿತ್ತು. ನನ್ನ ಕೋಳಿ ಸಲವಾಗಿ ನಿಮ್ಮ ನೇಮ ಯಾಕ ಮುರೀಬೇಕಂತ ಸುಮ್ನಾದೆ."

ಹಸಿರನ್ನು ಅವರೂ ನೋಡಿದ್ದರು. ಅವರಿಗೆ ಅನುಮಾನ ಬಂದಿತ್ತು. ಓದಿದವನು ನಾನು, ಕೇಳಿದ್ದರೆ ಸಾಕಿತ್ತು. ಅವರು ನನ್ನ ನೇಮಕ್ಕೆ ಮರ್ಯಾದೆ ಕೊಟ್ಟು, ತಮ್ಮ ಕೋಳಿಯನ್ನೂ ತಂಗಿಯನ್ನೂ ಕಳಕೊಂಡಿದ್ದರು. ಅಂಥ ಮರ್ಯಾದೆಗೆ ಆ ನೇಮ ಯೋಗ್ಯವಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ವಿಮೆಯ ಎಮ್ಮೆಯ ಕಥೆ ಅವರಿಗೆ ಗೊತ್ತಿರಲಿಲ್ಲ. ನಿಂತಲ್ಲೇ ಹೇಳಿದೆ. ಅವರು ಕೇಳಿಸಿಕೊಂಡು ಗಂಟನ್ನು ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಬೇವಿನ ಕೆಳಗೇ ಗೋಣಿಚೀಲ ಹಾಸಿ ಕೋಳಿಯನ್ನು ಕೊಯ್ದೆ. ಕಾಲು ಹಿಡಿದುಕೊಂಡವರು ಅವರೇ. ಆ ಸಣ್ಣ ಜಠರವನ್ನು ಬಿಡಿಸಿ ಮೂರು ಸಲ ತೊಳೆದು ಬಿಸಿಲಿಗೆ ಹಿಡಿದೆ. ಸ್ವಚ್ಛವಾಗಿತ್ತು, ಒಂದು ಚುಕ್ಕೆಯೂ ಇಲ್ಲ. ಕರುಳೂ ಸರಿಯಿತ್ತು. ಎದೆಯ ಮಾಂಸ ಮಾತ್ರ ಅರೆಬೆಂದ ಹಾಗೆ ಬಿಳಿಚಿತ್ತು. ಹೊಸ ಕೋಳಿ ತಂದಿರಲಿಲ್ಲ, ಲಸಿಕೆ ಆಗಿತ್ತು, ಉಳಿದ ಐದೂ ಚುರುಕಾಗಿದ್ದವು. ಎಲ್ಲ ಕೇಳಿದೆ.

"ಇದು ಖರೇನ ಬಿಸಲಿಗೆ ಸತ್ತದ್ದ ಅಕ್ಕಾರ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಹಂಗಾರ ನೆಳ್ಳಿಗೆ ಒಯ್ಯಬೇಕೇನ್ರಿ?"

"ಒಯ್ಯಬೇಕ್ರಿ."

"ಎಲ್ಲಿಗ್ರಿ?" ಅಂದರು.

ಚುಚ್ಚಿ ಕೇಳಿದ್ದಲ್ಲ. ಅವರು ನಿಜವಾಗಿಯೂ ಯೋಚಿಸುತ್ತಿದ್ದರು.

ಅವರ ಐದೂ ಕೋಳಿಯನ್ನು ಹೊಲದ ಮನೆಯಿಂದ ತಂದು ದವಾಖಾನೆಯ ಹಿಂದಿನ ವರಾಂಡದಲ್ಲಿ ಬಿಡಲು ಸಿಪಾಯಿಗೆ ಹೇಳಿ ಬೈಕು ಹತ್ತಿದೆ. ಮನೋಳಿಯ ಆ ತಿರುವಿನಲ್ಲಿ ಈ ಸಲ ತಿರುಗಿದೆ. ತಂಗಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಹತ್ತು ತಿಂಗಳ ಕೂಸು ಹೊಸ್ತಿಲು ಹಿಡಿದು ನಿಲ್ಲಲು ಹವಣಿಸುತ್ತಿತ್ತು. ತಲೆ ತುಂಬ ಗುಂಗುರು ಕೂದಲು. ಆ ಹಸಿರು ಕುಂಚಿಗೆ ಈಗ ಅದಕ್ಕೆ ಹಿಡಿಸುವುದಿಲ್ಲ.

ನೀರು ಬೇಡ ಎಂದೆ. ನಿಂತೇ ಹೇಳಿದೆ. ಕೋಳಿ ಕಳಿಸಿದ್ದು ನಾನು, ಬಿಸಿಲು ಎಂದದ್ದು ನಾನು, ಸೋಮವಾರ, ಚಾಕು, ಎಮ್ಮೆ, ಎಲ್ಲ. ನಿಮ್ಮಕ್ಕನಿಗೆ ರೋಗ ಗೊತ್ತಿರಲಿಲ್ಲ, ನನ್ನ ಹೆಸರು ಅವರು ಹೇಳದೇ ಇದ್ದದ್ದು ನಿಮ್ಮ ಓಣಿಯ ಸಲುವಾಗಿ ಎಂದೂ ಹೇಳಿದೆ. ಮೊರದ ಮೇಲೆ ಅವರ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಆಮೇಲೆ ತಲೆ ಎತ್ತಿದರು.

"ಅವತ್ತ ಇದ ಬಾಗಲದಾಗ ನಿಮ್ಮನ್ನ ಕೇಳಿದೆ. ಅಕಿ ಕೋಳಿಂದನ ಬಂತಲ್ಲ ಅಂತ ಕೇಳಿದೆ."

"ಹೌದ್ರಿ."

"ಆವಾಗ ನಿಮಗ ಇದೆಲ್ಲಾ ಗೊತ್ತಿತ್ತು?"

"ಹೌದ್ರಿ" ಅಂದೆ.